ಬೂದಿ ಬೆಚ್ಚಗಿರುವವರೆಗೆ

ಇಲ್ಲಿ ಬರೆಯುವುದರಲ್ಲಿ ಕೆಲವು ತಪ್ಪಿರಬಹುದು. ಆಗ ನನಗೆ ಹನ್ನೊಂದೋ ಹನ್ನೆರಡೋ ವಯಸ್ಸು. ಆ ಜಾಗದಲ್ಲಿದ್ದದ್ದು ಆಲದ ಮರವೆಂದು ನನ್ನ ನೆನಪು, ಅಮ್ಮ ಬಸರಿಮರ ಅನ್ನುತ್ತಾಳೆ. ಮೈಸೂರಿನಲ್ಲಿ ಓದುತ್ತಿದ್ದಾಗ ಇದೇ ಸಂಗತಿಯನ್ನು ದಿನಚರಿಯಲ್ಲಿ ಎರಡು ಸಲ ಬರೆದಿದ್ದೇನೆ. ಒಂದರಲ್ಲಿ ಅತ್ತೆ ಅಳುತ್ತಾಳೆ, ಇನ್ನೊಂದರಲ್ಲಿ ಅಳುವುದಿಲ್ಲ. ಅಳಲಿಲ್ಲ ಎಂದೇ ಈಗ ಅನಿಸುತ್ತದೆ. ಹಾಗೆ ಅನಿಸಲಿ ಎಂದು ನಾನೇ ಬಯಸುತ್ತಿದ್ದೇನೋ ಏನೋ. ಸಿಟ್ಟಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಅವತ್ತು ಅದು ಇಷ್ಟಿರಲಿಲ್ಲ. ಓದಿದಷ್ಟೂ ಬೆಳೆಯಿತು.

ನಮ್ಮದು ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂರುತ್ತಿದ್ದವನು ಅಪ್ಪ. ಅವನ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಉರುಳೆಗಳನ್ನು, ಕಂಡಿಕೆಯನ್ನೆಲ್ಲ, ರಾಟೆಯಲ್ಲಿ ಸುತ್ತುತ್ತಿದ್ದವಳು ಅತ್ತೆ, ಅಪ್ಪನ ತಂಗಿ. ನಾನು ಹುಟ್ಟುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬೆಳಗಾಗುವ ಮುಂಚೆ ರಾಟೆಯ ಸದ್ದು ಶುರುವಾದರೆ ದೀಪ ಹಚ್ಚುವವರೆಗೂ ಕೇಳುತ್ತಿತ್ತು. ಸೀರೆಯನ್ನು ನೋಡಿದವರು ಅಪ್ಪನ ಕೈ ಹೊಗಳುತ್ತಿದ್ದರು. ಕಂಡಿಕೆ ಸುತ್ತಿದವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಮಗ್ಗ ನಿಲ್ಲಿಸಿ ನಾವು ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದ್ದೆವು. ಎತ್ತಿನ ಗಾಡಿಯಲ್ಲಿ ಹನೂರು, ಕೌದಳ್ಳಿ ದಾಟಿ ತಾಳುಬೆಟ್ಟ. ಅಲ್ಲಿ ಗಾಡಿ ಬಿಟ್ಟು ಹತ್ತುವುದು. ಅರ್ಧ ದಾರಿ ಹತ್ತಿದ ಮೇಲೆ ಒಂದು ಸಮತಟ್ಟಾದ ದಿಣ್ಣೆ ಸಿಗುತ್ತಿತ್ತು. ಪರ್ಸೆಗೆ, ಬೆಟ್ಟದ ಜಾತ್ರೆಗೆ, ಹೊರಟವರು ತಂಗುತ್ತಿದ್ದದ್ದು ಅಲ್ಲೇ. ಮೇಲೆ ಗುಡಿಯ ಸುತ್ತ ಕಾಲಿಡಲು ಜಾಗವಿಲ್ಲದಷ್ಟು ಜನ, ನೀರಿಗೆ ಪರದಾಟ. ಆದ್ದರಿಂದ ಪಾತ್ರೆ ಪಡಗವನ್ನೆಲ್ಲ ದಿಣ್ಣೆಯಲ್ಲಿ ಬಿಟ್ಟು, ಬೆಳಿಗ್ಗೆ ಹತ್ತಿ ದೇವರನ್ನು ಕಂಡು, ಸಂಜೆಗೆ ಇಳಿದು ಬಂದು ಅಲ್ಲೇ ಉಂಡು ಮಲಗುವುದು ವಾಡಿಕೆ.

ದಿಣ್ಣೆಯಲ್ಲಿ ಸೂರಿಲ್ಲ, ಗೋಡೆಯಿಲ್ಲ. ಒಂದು ಮರ, ಒಂದು ಹಾಸುಬಂಡೆ, ಕೆಳಗೆ ಹಳ್ಳದಲ್ಲಿ ಬೆರಳುದ್ದದ ನೀರು. ಅಲ್ಲಲ್ಲಿ ಹೊಗೆ ಹಿಡಿದು ಕಪ್ಪಾದ ಮೂರು ಮೂರು ಕಲ್ಲು. ಯಾರನ್ನೂ ಕೇಳಬೇಕಾಗಿರಲಿಲ್ಲ, ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ. 'ಪುಕ್ಕಟೆ ಜಾಗ' ಎಂದು ಅಪ್ಪ ಪ್ರತಿವರ್ಷ ಹೆಮ್ಮೆಯಿಂದ ಹೇಳುತ್ತಿದ್ದ, ಅದನ್ನು ತಾನೇ ಕಂಡುಹಿಡಿದವನಂತೆ.

ಆದರೆ ಆ ಜಾಗಕ್ಕೂ ಒಂದು ಕಟ್ಟಳೆಯಿತ್ತು. ಒಲೆ ಉರಿಯುತ್ತಿರುವವರೆಗೆ ಮೂರು ಕಲ್ಲೂ ಅದರ ಸುತ್ತಲಿನ ನೆಲವೂ ಹೊತ್ತಿಸಿದವರದು. ಬೆಂಕಿ ಆರಿ ಬೂದಿ ತಣ್ಣಗಾದರೆ ಯಾರು ಬೇಕಾದರೂ ಬಂದು ಕೂರಬಹುದು, ಜಗಳವಾಡುವಂತಿಲ್ಲ. ಆನೆ ಓಡಾಡುವ ಕಾಡು, ಬೆಂಕಿ ಆರಬಾರದು ಎಂದು ಹಳಬರು ಮಾಡಿದ್ದಿರಬೇಕು. ಹಾಗಾಗಿ ಪ್ರತಿ ಮನೆಯವರೂ ಬೆಟ್ಟ ಹತ್ತುವಾಗ ಒಬ್ಬರನ್ನು ಒಲೆ ಕಾಯಲು ಬಿಟ್ಟು ಹೋಗಬೇಕಿತ್ತು. ನಮ್ಮ ಮನೆಯಲ್ಲಿ ಆ ಒಬ್ಬರು ಯಾವಾಗಲೂ ಅತ್ತೆ. ವರ್ಷ ವರ್ಷ ಅರ್ಧ ಬೆಟ್ಟ ಹತ್ತಿ, ಮೂರು ಕಲ್ಲಿನ ಮುಂದೆ ಕೂತು, ಇಳಿದು ಬರುತ್ತಿದ್ದಳು. ಗುಡಿಯನ್ನು ಒಮ್ಮೆಯೂ ಕಂಡಿರಲಿಲ್ಲ.

ಆ ವರ್ಷ ಅವಳಿಗೊಂದು ಹರಕೆ ಇತ್ತು. ಕಂಡಿಕೆ ಸುತ್ತುವಾಗ ತುಂಡಾಗಿ ಉಳಿದ ರೇಷ್ಮೆ ಎಳೆಗಳನ್ನು ಬಹಳ ದಿನ ಕೂಡಿಟ್ಟು, ಗಂಟುಹಾಕಿ, ಅಪ್ಪ ಸಂತೆಗೆ ಹೋದ ದಿನಗಳಲ್ಲಿ ಮಗ್ಗಕ್ಕಿಳಿದು ಗೇಣಗಲದ ಒಂದು ವಸ್ತ್ರ ನೇಯ್ದಿದ್ದಳು. ಬಣ್ಣ ಒಂದೇ ಇರಲಿಲ್ಲ, ಹಿಂಬದಿಯೆಲ್ಲ ಗಂಟು. ಏಕೆ ಹರಕೆ ಹೊತ್ತಳೋ ಹೇಳಲಿಲ್ಲ. ತನ್ನ ಕೈಯಾರೆ ಮಾದಪ್ಪನಿಗೆ ಒಪ್ಪಿಸಬೇಕು ಎಂದಷ್ಟೇ ಹೇಳಿದ್ದು. ದೀಪಾವಳಿಯ ಸೀರೆಗಳು ಮುಗಿಯುವವರೆಗೆ ಅವಳ ಕೈ ಬೇಕಾಗಿದ್ದ ಅಪ್ಪ, "ಆಗ್ಲಿ ಬುಡಮ್ಮಿ, ಈ ಸಲ ಅವ್ವ ಒಲೆ ಹತ್ರ ಕೂರ್ತಾಳ, ನೀನು ಬಾ" ಅಂದಿದ್ದ. ಅವ್ವ ಎಂದರೆ ಅವನ ತಾಯಿ, ನನ್ನ ಅಜ್ಜಿ. ಇದನ್ನು ನನ್ನ ಕಿವಿಯಿಂದಲೇ ಕೇಳಿದ್ದೇನೆ. ತಾನು ಹಾಗೆ ಹೇಳಿಯೇ ಇಲ್ಲ ಎಂದು ಅಪ್ಪ ಈಗ ಅನ್ನುತ್ತಾನೆ.

ದಿಣ್ಣೆಗೆ ನಾವು ತಲುಪಿದಾಗ ಇನ್ನೂ ಹೊತ್ತಿತ್ತು. ಅತ್ತೆ ಸೌದೆ ಆಯ್ದು ಮೊಣಕಾಲೆತ್ತರ ಒಟ್ಟಿದಳು, ಅಜ್ಜಿಗೆ ಏಳದೆಯೇ ಕೈಗೆಟುಕುವ ಹಾಗೆ. ಪಕ್ಕದ ಒಲೆಯಲ್ಲಿ ಹನೂರು ಕಡೆಯ ಒಬ್ಬ ರೈತ ಹೆಂಗಸು ಕಾಲು ಉಳುಕಿಸಿಕೊಂಡು ಕೂತಿದ್ದಳು. ಅವಳ ಮನೆಯವರು ಆಗಲೇ ಮೇಲೆ ಹೋಗಿದ್ದರು, ಇಳಿಯುವುದು ಇನ್ನೆರಡು ದಿನದ ಮೇಲಂತೆ. "ಏನಕ್ಕ, ಆನೆಗೂ ಅಡುಗೆ ಮಾಡೀಯಾ, ಇಷ್ಟೊಂದು ಸೌದೆ?" ಎಂದು ಅವಳು ಕೇಳಿದ್ದು, ಅತ್ತೆ ನಕ್ಕಿದ್ದು ನೆನಪಿದೆ. ಅತ್ತೆ ನಕ್ಕ ನೆನಪುಗಳು ನನ್ನಲ್ಲಿ ಹೆಚ್ಚಿಲ್ಲ.

ಬೆಳಿಗ್ಗೆ ಅತ್ತೆ ಹಳ್ಳದ ನೀರು ಮೊಗೆದು ಮಿಂದು, ಒಗೆದ ಸೀರೆಯುಟ್ಟು, ವಸ್ತ್ರವನ್ನು ಮಡಿಲಲ್ಲಿಟ್ಟುಕೊಂಡು ನಿಂತಳು. ಆಗ ಅಜ್ಜಿ ಕೋಲು ಊರಿಕೊಂಡು ಎದ್ದಳು.

"ನಾನೂ ಬತ್ತೀನಿ ಕಣಪ್ಪ. ಮುಂದಿನ ವರ್ಸ ಇರ್ತೀನೋ ಇಲ್ವೋ."

"ನಿನ್ನ ಮಂಡಿ?" ಅಂದ ಅಪ್ಪ.

"ಮಂಡಿ ಕೊಟ್ಟೋನೆ ಹತ್ತುಸ್ಕತಾನ, ನಡಿ."

ಅಪ್ಪ ಅತ್ತೆಯ ಕಡೆ ತಿರುಗಿದ. ಅವನೇನೂ ಹೇಳಲೇ ಇಲ್ಲ. ಅದೇ ನನ್ನನ್ನು ಇಂದಿಗೂ ಉರಿಸುವುದು. ಹೇಳುವ ಅಗತ್ಯವೂ ಅವನಿಗೆ ಕಾಣಲಿಲ್ಲ. ಅಮ್ಮ ನೆಲ ನೋಡಿದಳು. ಹನೂರಿನ ಹೆಂಗಸೇ ಬಾಯಿ ಹಾಕಿದಳು.

"ಅಣ್ಣೋ, ಅವಳ್ನೂ ಕರ್ಕಂಡು ಓಗಿ. ನಾನು ಇಲ್ಲೇ ಕುಂತಿರ್ತೀನಿ. ನಿಮ್ಮೊಲೆಗೂ ಎರಡು ಸೌದೆ ಹಾಕ್ತೀನಿ, ಅದೇನು ಬೆಟ್ಟ ಹೊರದಾ?"

"ಬ್ಯಾಡ ಕಣವ್ವ. ನಮ್ಮೊಲೆಗ ನಮ್ಮ ಕೈಯೇ ಆಗ್ಬೇಕು."

"ಯಾಕಣ್ಣ, ನಿಮ್ಮ ಬೆಂಕಿಗೂ ಜಾತಿ ಅದಾ? ಕಾಡ್ ಸೌದೆ, ಹಳ್ಳದ ನೀರು, ಯಾರೋ ಮಡಗಿದ ಕಲ್ಲು. ನಿಮ್ದು ಅನ್ನೋದು ಏನದ ಅಲ್ಲಿ?"

ಅಪ್ಪ ಅತ್ತೆಯ ಕಡೆ ಕೈ ಚಾಚಿ, "ಕೊಡಮ್ಮಿ, ನಿನ್ನ ವಸ್ತ್ರಾನ ನಾನೇ ಕೊಟ್ಬುಡ್ತೀನಿ" ಅಂದ.

"ಇರ್ಲಿ ಕಣಣ್ಣ. ನಾನು ಬಂದಾಗ ಕೊಡ್ತೀನಿ."

ಅಷ್ಟೇ. ಮತ್ತೆ ಮೂರು ಕಲ್ಲಿನ ಮುಂದೆ ಕೂತಳು. ನನ್ನನ್ನು ನೋಡಿದಳು ಎಂದು ನನ್ನ ನೆನಪು. ನೋಡಿರಲಿಕ್ಕಿಲ್ಲ. ಆದರೆ ನಾನೇನು ಮಾಡಿದೆ ಎಂಬುದನ್ನು ತಿದ್ದಿ ಬರೆಯಲಾರೆ: ಅವಳ ಜೊತೆಗೆ ನನ್ನನ್ನೂ ಬಿಟ್ಟುಹೋದಾರು ಎಂಬ ಭಯಕ್ಕೆ ಎಲ್ಲರಿಗಿಂತ ಮುಂದೆ ಓಡಿ ದಾರಿ ಹಿಡಿದೆ. ಹೊಸ ಲಂಗ ಎತ್ತಿಕಟ್ಟಿಕೊಂಡು 'ಉಘೇ ಮಾದಪ್ಪ' ಎಂದು ಕೂಗುತ್ತ ಓಡಿದೆ. ಅಪ್ಪನ ಮೇಲೆ ಸಿಟ್ಟು ಬಂದಾಗಲೆಲ್ಲ ಈ ಲಂಗ ಅಡ್ಡ ಬರುತ್ತದೆ.

ಮೇಲಿನ ಗುಡಿ, ದೇವರು ಏನೂ ನೆನಪಿಲ್ಲ. ಅಜ್ಜಿಯನ್ನು ಅಪ್ಪ ಅಲ್ಲಲ್ಲಿ ಕೂರಿಸಿ, ಕೆಲವು ಕಡೆ ಬೆನ್ನ ಮೇಲೆ ಹೊತ್ತು ಹತ್ತಿಸಿದ. ನೋಡಿದವರು ಎಂಥಾ ಮಗ ಎಂದರು. ಹೌದು, ಒಳ್ಳೆಯ ಮಗನೇ. ಅಜ್ಜಿಯ ಆಸೆಯ ಮೇಲೆ ನನಗೆ ಸಿಟ್ಟಿಲ್ಲ. ಕೆಳಗೆ ಉಳಿಯಬೇಕಾದ ಒಬ್ಬರು ಅಪ್ಪನೇ ಏಕಾಗಬಾರದಿತ್ತು, ಅಮ್ಮ ಏಕಾಗಬಾರದಿತ್ತು, ಹನೂರಿನವಳ ಕೈ ಏಕಾಗಬಾರದಿತ್ತು ಎಂದು ಯಾರೂ ಯೋಚಿಸಲಿಲ್ಲವಲ್ಲ, ಅದಕ್ಕೆ ಸಿಟ್ಟು.

ಹೊತ್ತು ಮುಳುಗುವ ಮುಂಚೆ ಇಳಿದು ಬಂದೆವು. ನಮ್ಮ ಮೂರು ಕಲ್ಲಿನ ಮೇಲೆ ಯಾರದೋ ದೊಡ್ಡ ಮಡಕೆ ಕೂತಿತ್ತು. ಸುತ್ತ ಒಂದು ತುಂಬು ಸಂಸಾರ, ಮೈಸೂರು ಸೀಮೆಯ ಯಳಂದೂರಿನವರು; ನಮ್ಮ ಕೊಳ್ಳೇಗಾಲ ಆಗ ಮದರಾಸಿಗೆ ಸೇರಿತ್ತು. ಉರಿಯುತ್ತಿದ್ದದ್ದು ನಮ್ಮ ಸೌದೆ. ನಮ್ಮ ಪಾತ್ರೆಗಳನ್ನು ಒಪ್ಪವಾಗಿ ಮರದ ಬುಡಕ್ಕೆ ಸರಿಸಿಟ್ಟಿದ್ದರು.

"ಇದು ನಮ್ಮ ಜಾಗ!" ಅಪ್ಪ ಕೂಗಿದ.

ಅವರಲ್ಲಿ ಹಿರಿಯವನು ಏಳದೆಯೇ ಹೇಳಿದ: "ಬೂದಿ ತಣ್ಣಗಿತ್ತು ಸಾಮಿ. ಕೈ ಇಕ್ಕಿ ನೋಡೇ ಕುಂತ್ವಿ."

ಅದು ದಿಣ್ಣೆಯ ಕಟ್ಟಳೆ. ಅಪ್ಪನಿಗೂ ಗೊತ್ತಿತ್ತು. ಅತ್ತೆ ಹನೂರಿನವಳ ಒಲೆಯ ಮುಂದೆ ಕೂತು ಅವಳು ಕೊಟ್ಟ ರಾಗಿ ಮುದ್ದೆ ಮುರಿಯುತ್ತಿದ್ದಳು. ಅಪ್ಪ ಅವಳ ಎದುರು ಹೋಗಿ ನಿಂತ.

"ಏನಮ್ಮಿ, ಒಂದೊಲೆ ಕಾಯಕ್ಕಾಗ್ನಿಲ್ವಾ ನಿಂಗ? ಮೈಸೂರು ಸೀಮೆಯೋರ್ಗ ಜಾಗ ಬುಟ್ಕೊಟ್ಟು ಉಂಡ್ಕಂಡು ಕುಂತಿದ್ದೀಯಲ್ಲ!"

"ಆರೋಯ್ತು ಕಣಣ್ಣ" ಅಂದಳು ಅತ್ತೆ. ತುತ್ತು ನುಂಗಿಯೇ ಅಂದಳು.

ಹನೂರಿನವಳು ಏನೋ ಹೇಳಲು ಹೋಗಿ, ಅತ್ತೆಯ ಮುಖ ನೋಡಿ ತನ್ನ ಒಲೆಗೆ ಸೌದೆ ನೂಕಿದಳು. ಇದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಸೇರಿಸಿಕೊಂಡದ್ದಲ್ಲ ಎಂದು ನಾನು ನಂಬಿರುವುದು ಒಂದೇ. ಯಳಂದೂರಿನವರು ನಮ್ಮ ಬೂದಿಯನ್ನು ಗೋರಿ ಬಂಡೆಯ ಪಕ್ಕ ಗುಡ್ಡೆ ಹಾಕಿದ್ದರು. ಅಪ್ಪ ಕೂಗಾಡುತ್ತಿದ್ದಾಗ ನಾನು ಅದರೊಳಗೆ ಕೈ ಹಾಕಿದೆ. ಬೂದಿ ತಣ್ಣಗಿತ್ತು, ಮೆತ್ತಿಕೊಳ್ಳುವಷ್ಟು ಒದ್ದೆಯಾಗಿತ್ತು. ಕೈ ಲಂಗಕ್ಕೆ ಒರೆಸಿಕೊಂಡೆ. ಮಧ್ಯಾಹ್ನ ಬೆಟ್ಟದ ಮೇಲೆ ಸಣ್ಣಗೆ ಹನಿದಿತ್ತು ಎಂದು ಅಮ್ಮ ಹೇಳುತ್ತಾಳೆ. ಮೇಲೆ ಹನಿದದ್ದು ಕೆಳಗೂ ಹನಿದಿತ್ತೇ? ಹಾಗಿದ್ದರೆ ಪಕ್ಕದ ಒಲೆ ಏಕೆ ಆರಲಿಲ್ಲ? ಮೊಣಕಾಲೆತ್ತರ ಸೌದೆ ಪಕ್ಕದಲ್ಲಿರುವಾಗ, ಅಷ್ಟು ವರ್ಷ ಒಮ್ಮೆಯೂ ಆರದ ಬೆಂಕಿ ಅವತ್ತೇ ಹೇಗೆ ಆರಿತು? ವಕೀಲರಂತೆ ಕೇಳಿಕೊಳ್ಳುತ್ತೇನೆ. ಕೇಳುವಾಗಲೇ ಗೊತ್ತಾಗುತ್ತದೆ, ನನಗೆ ಬೇಕಾದ ಉತ್ತರವನ್ನು ಮೊದಲೇ ಇಟ್ಟುಕೊಂಡಿದ್ದೇನೆ.

ಅವತ್ತು ದಿಣ್ಣೆಯ ಕೆಳಗಿನ ಇಳಿಜಾರಿನಲ್ಲಿ ಕಲ್ಲುಗಳ ನಡುವೆ ಮಲಗಿದೆವು. ಅಜ್ಜಿ ನರಳಿದಳು. ಮುಂದಿನ ವರ್ಷದಿಂದ ಅತ್ತೆಯನ್ನು ಕರೆದುಕೊಂಡು ಹೋಗಲಿಲ್ಲ. ಒಲೆ ಕಾಯಲಾರದವಳನ್ನು ಕರೆದೊಯ್ದು ಏನು ಮಾಡುವುದು ಎಂದ ಅಪ್ಪ. ಒಲೆ ಕಾಯುವ ಕೆಲಸ ಅಮ್ಮನಿಗೆ ಬಂತು. ಮನೆಯಲ್ಲಿ ಹಾಲು ಉಕ್ಕಿದರೂ, ಹಿಟ್ಟು ಸೀದರೂ "ಬೆಟ್ಟದಲ್ಲಿ ಒಲೆ ಕಾದೋಳಲ್ವಾ" ಎಂಬ ಮಾತು ಉಳಿಯಿತು. ನಾನೂ ಒಂದೆರಡು ಸಲ ಹಾಗೆಂದು ನಕ್ಕಿದ್ದೇನೆ.

ಓದು ಮುಗಿಸಿ ಬಂದ ಮೇಲೆ, ಮೊನ್ನೆ, ಅತ್ತೆಯ ಪೆಟ್ಟಿಗೆಯಲ್ಲಿ ಸೂಜಿ ಹುಡುಕುವಾಗ ಆ ವಸ್ತ್ರ ಸಿಕ್ಕಿತು. ಮಡಿಕೆಯ ಗೆರೆಯಲ್ಲಿ ಹಳದಿಗಟ್ಟಿದೆ. ಹಿಂಬದಿಯ ಗಂಟುಗಳು ಒಂದೂ ಬಿಚ್ಚಿಲ್ಲ. ಅದನ್ನು ಹಿಡಿದುಕೊಂಡು ರಾಟೆಯ ಹತ್ತಿರ ಹೋದೆ.

"ಅತ್ತೆ, ನಾವಿಬ್ರೇ ಬೆಟ್ಟಕ್ಕೆ ಹೋಗೋಣ. ಯಾರೂ ಬೇಡ."

"ಈ ಮಂಡಿ ತಕಂಡು ಎಲ್ಗವ್ವ ಓಗದು?" ಅಂದಳು. ಕೈ ನಿಲ್ಲಲಿಲ್ಲ.

ಅವಳೆದುರು ಕೂತೆ. ಎಳೆ ತುಂಡಾಯಿತು. ಅವಳು ರಾಟೆ ನಿಲ್ಲಿಸಿ, ತುದಿಗಳನ್ನು ಹುಡುಕಿ, ಗಂಟುಹಾಕಿ, ಉಳಿದದ್ದನ್ನು ಹಲ್ಲಿನಿಂದ ಕಡಿದಳು. ರಾಟೆ ಮತ್ತೆ ತಿರುಗುವ ಮುಂಚೆ ಕೇಳಿಬಿಟ್ಟೆ:

"ಅತ್ತೆ, ಅವತ್ತು ಬೆಂಕಿ ತಾನಾಗಿ ಆರಿತಾ, ನೀನೇ ನೀರು ಹುಯ್ದೆಯಾ?"