ಗೋಡೆ ನೋಡುತ್ತಿದ್ದ ಬಸಲಿಂಗಪ್ಪ ಕಾಕಾ

ಬಸಲಿಂಗಪ್ಪ ಕಾಕಾ ಯಾರ ಮನೆಗೆ ಹೋದರೂ ಮೊದಲು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದರು. ಅಂಗೈ ಆಡಿಸಿ, ಹೊಳೆಯ ನೀರು ನಿಂತು ಇಳಿದುಹೋದ ಕಂದು ಗೆರೆ ಸಿಕ್ಕ ಮೇಲೆಯೇ, "ಆರಾಮ ಅದೀಯೇನವಾ ತಂಗೆವ್ವಾ?" ಎಂದು ಕೇಳುವುದು. ಕಿಸೆಯಲ್ಲಿ ಯಾವಾಗಲೂ ಅಳತೆಯ ಟೇಪು, ಒಂದು ವಹಿ.

ಮಕ್ಕಳೇ, ಅವರು ನಮ್ಮ ಬಂಧುವಲ್ಲ. ಗೋಕಾಕದ ಹಳೆಯ ಓಣಿಯಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ. ನೌಕರಿಯಲ್ಲಿದ್ದಾಗ ಘಟಪ್ರಭೆಯ ನೀರಿನ ಮಟ್ಟ ನೋಡಿ ಬರೆದಿಡುವುದೇ ಅವರ ಕೆಲಸ. ನಿವೃತ್ತಿಯಾದರೂ ಅಭ್ಯಾಸ ಹೋಗಲಿಲ್ಲ. ಹೊಳೆ ಓಣಿಗೆ ನುಗ್ಗಿ ಇಳಿದ ವರ್ಷ ಮನೆಮನೆಯ ಗೆರೆ ಅಳೆದರು. ನಮ್ಮ ಮನೆಯಲ್ಲಿ ಅದು ನನ್ನ ಎದೆಮಟ್ಟಕ್ಕಿತ್ತು.

"ನೀರಿಗೆ ನಾಚಿಕಿ ಇರೂದಿಲ್ಲವಾ. ಒಮ್ಮೆ ಬಂದ ಮನಿಗೆ ಕರೀದ ಮತ್ತ ಬರತೈತಿ" ಎನ್ನುವರು.

ಬಾಜೂ ಮನೆಯ ಶಿವಕ್ಕ ಬಾಯಿಗೆ ಸೆರಗು ಹಿಡಿದು, "ಕಾಕಾಗ ಗ್ವಾಡಿ ಹುಚ್ಚ ಹಿಡದೈತಿ. ಕನ್ಯಾ ನೋಡಾಕ ಹೋದ್ರೂ ಗ್ವಾಡಿ ನೋಡಿ ಬರ್ತಾರ" ಎಂದು ನಗುವಳು.

"ಮತ್ತ? ಹುಡುಗಿ ಬೆಳದ ಮನಿ ಒಣಾ ಐತೋ ಇಲ್ಲೋ ನೋಡಬೇಕಲ್ಲ!"

ಆಗ ಊರು ಮುಂದಿನ ಇಪ್ಪತ್ತು ವರ್ಷ ಹೇಗೆ ಬೆಳೆಯಬೇಕೆಂಬ ನಕ್ಷೆ ತಯಾರಾಗುತ್ತಿತ್ತು. ನಮ್ಮ ಓಣಿಯ ಕೆಳಗೆ, ಹಳ್ಳದ ದಂಡೆಯ ಹೊಲಗಳಿಗೆ ಹಳದಿ ಬಣ್ಣ ಹಾಕಿದ್ದರು. ಹಳದಿ ಎಂದರೆ ಮನೆ ಕಟ್ಟುವ ಜಾಗ. ಇದರಿಂದ ಹೊಳೆಗೆ, ಹಳ್ಳಕ್ಕೆ, ಜನಕ್ಕೆ ಏನು ಬಾಧೆ ಎಂದು ನೋಡಿ ವರದಿ ಬರೆಯಲು ಅಧಿಕಾರಿಗಳು ಬರುವವರಿದ್ದರು. ಕಾಕಾ ಮನೆಮನೆಗೆ ಹೇಳಿ ಹೋದರು: "ಗೆರಿ ಅಳಸಬ್ಯಾಡ್ರವಾ. ಮ್ಯಾಲಿನ ಓಣ್ಯಾಗ ಎದಿಮಟ್ಟ ನೀರಂದ್ರ, ಕೆಳಗಿನ ಹೊಲದಾಗ ಆಳು ಮುಣಗತೈತಿ. ಅವರಿಗೆ ಇಷ್ಟ ತೋರಿಸಿದ್ರ ಸಾಕು."

ನಾವು ಹೂಂ ಎಂದೆವು. ಆದರೆ ದೊಡ್ಡ ಸಾಹೇಬರು ಬಾಗಿಲಿಗೆ ಬರುವಾಗ ಹೊಲಸು ಗೋಡೆ ತೋರಿಸುವುದೇ? ಮನೆಗೆ ಮಂದಿ ಬರುತ್ತಾರೆಂದರೆ ಸುಣ್ಣ ಹಚ್ಚಬೇಕೆಂದು ಕೌಜಲಗಿಯ ತವರಿನಲ್ಲಿ ನನ್ನವ್ವ ಕಲಿಸಿದ್ದಳು. ಹಿಂದಿನ ದಿನ ಮೊದಲು ಸುಣ್ಣ ಕಲಸಿದವಳು ನಾನು. ನನ್ನನ್ನು ನೋಡಿ ಶಿವಕ್ಕ, ಅವಳನ್ನು ನೋಡಿ ಇಡೀ ಓಣಿ. ಕಾಕಾ ಅಂದು ಊರಲ್ಲಿರಲಿಲ್ಲ, ಹುಕ್ಕೇರಿಯ ಮಗಳ ಮನೆಗೆ ಹೋಗಿದ್ದರು.

ಮರುದಿನ ಊರಿಗೆ ಮರಳಿದ ಕಾಕಾ ಅಧಿಕಾರಿಗಳನ್ನು ತಾವೇ ಕರೆತಂದರು. ನಮ್ಮ ಗೋಡೆಯ ಮೇಲೆ ಅಂಗೈ ಆಡಿಸಿದರು. ಕೈಗೆ ಹಸಿ ಸುಣ್ಣ ಬಂತು.

"ಎಲ್ಲೈತ್ರಿ ಅಜ್ಜಾರ ಗೆರಿ?" ಎಂದ ತರುಣ ಅಧಿಕಾರಿ.

ಕಾಕಾ ವಹಿ ತೆಗೆದರು. "ಇದು ನಿಮ್ಮ ವಹಿ ಆತ್ರಿ, ಸರಕಾರದ್ದಲ್ಲಲ್ಲ" ಎಂದ ಅವನು.

ಆಗ ಅವರು ನನ್ನ ಕಡೆ ತಿರುಗಿದರು. "ನೀ ಹೇಳ ತಂಗೆವ್ವಾ. ನೀರು ಎಲ್ಲಿತನಾ ಬಂದಿತ್ತು?"

ನಾನು ಬಾಗಿಲ ಮರೆಗೆ ಸರಿದೆ. ಪರಗಂಡಸರೆದುರು ಎದೆ ಮುಟ್ಟಿ ಇಲ್ಲಿತನಕ ಎಂದು ತೋರಿಸಲಿ ಹೇಗೆ? ಬಾಯಿಂದ ಹೇಳಬಹುದಿತ್ತು. ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ನಿಮ್ಮಜ್ಜ ಇದ್ದಿದ್ದರೆ ಮಾತಾಡುತ್ತಿದ್ದರು, ಅವರು ತೀರಿ ವರ್ಷವಾಗಿತ್ತು. ಉಳಿದವರೂ ನನ್ನಂತೆ ನೆಲ ನೋಡಿದರು. ನೀರಿನ ಗುರುತು ಕಂಡುಬಂದಿಲ್ಲ, ನಿವಾಸಿಗಳ ತಕರಾರಿಲ್ಲ ಎಂದು ಬರೆದುಕೊಂಡು ಅಧಿಕಾರಿಗಳು ಹೋದರು.

ಕಾಕಾ ಸಂಜೆ ಒಬ್ಬರೇ ಬಂದು ಗೋಡೆ ನೋಡಿದರು. "ಸುಣ್ಣ ಭಾಳ ಬೆಳ್ಳಗ ಆಗೇತಿ ಬಿಡವಾ" ಎಂದರು. ಬೈದಿದ್ದರೆ ಮರೆಯುತ್ತಿದ್ದೆ.

ಹೊಲ ಪ್ಲಾಟುಗಳಾದವು. ಹೊಳೆ ಬಂದಾಗಲೂ ವರದಿ ಆದಾಗಲೂ ನೌಕರಿಗೆಂದು ಪರಊರಲ್ಲಿದ್ದ ನಿಮ್ಮಪ್ಪ ಅಲ್ಲೇ ಒಂದು ಹಿಡಿದ. "ಅವ್ವಾ, ಚಿಂತಿ ಬ್ಯಾಡ. ನೀರು ಬರೂದಿಲ್ಲಂತ ವರದ್ಯಾಗ ಐತಿ" ಎಂದ. ಆ ವರದಿ ಹೇಗಾಯಿತೆಂದು ನನಗೆ ಗೊತ್ತಿತ್ತು. ನನ್ನ ಸುಣ್ಣದ ಮಾತು ಹೇಳಬೇಕಾಗುತ್ತದೆಂದು ಸುಮ್ಮನಿದ್ದೆ.

ಅಲ್ಲಿ ಕಟ್ಟಿದ ಹೊಸ ಮನೆಯ ಮನೆಶಾಂತಿಗೆ ಕಾಕಾ ಕೋಲೂರಿಕೊಂಡು ಬಂದರು. ಕಣ್ಣು ಮಂಜಾಗಿತ್ತು. ಒಂದು ಸುತ್ತು ತಿರುಗಿ ನಿಮ್ಮಪ್ಪನನ್ನು ಕರೆದರು.

"ತಮ್ಮಾ, ಮಾಳಗಿ ಏರಾಕ ಪಾವಟಿಗಿ ಎಲ್ಲದಾವೋ?"

"ಮ್ಯಾಲ ಮನಿ ಕಟ್ಟೂಮುಂದ ಹಾಕಸ್ತೀನ್ರಿ ಅಜ್ಜಾ."

"ಅದಕಿಂತ ಮೊದಲ ಹಾಕಸು."

ಎಲ್ಲರೂ ನಕ್ಕರು. ಅವರು ಹೋಳಿಗೆ ಅರ್ಧ ತಿಂದು ಎದ್ದರು. ಆಮೇಲೆ ಮಗಳು ಹುಕ್ಕೇರಿಗೆ ಕರೆದುಕೊಂಡು ಹೋದಳು, ಅಲ್ಲೇ ತೀರಿಕೊಂಡರು. ಮಣ್ಣಿಗೂ ನಾನು ಹೋಗಲಿಲ್ಲ. ಆ ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ.

ನೀವು ಮಲಗುವ ಕೋಣೆ ಆ ಹಳದಿ ಬಣ್ಣದ ಮೇಲಿದೆ, ಮಕ್ಕಳೇ. ಮಾಳಿಗೆಗೆ ಹತ್ತುವ ಮೆಟ್ಟಿಲು, ಕಾಕಾ ಕೇಳಿದ ಆ ಪಾವಟಿಗೆ, ಇನ್ನೂ ಹಾಕಿಲ್ಲ. ಬಾಯಿಂದ ಆಗದ್ದನ್ನು ಬರೆದಿದ್ದೇನೆ. ಮಳೆಗಾಲ ಹಿಡಿಯುವ ಮುಂಚೆ ಇದನ್ನು ನಿಮ್ಮಪ್ಪನೆದುರು ಗಟ್ಟಿಯಾಗಿ ಓದಿರಿ.