ಮಾರಿ ತೊಳೆಯುವ ನೀರು

ಹಳೇ ಹುಬ್ಬಳ್ಳಿಯ ನಮ್ಮ ಮನೆಗೆ ಬಾಣಂತಿಗೂ ಕೂಸಿಗೂ ನೀರೆರೆಯಲು ಒಬ್ಬಾಕೆ ಬರುತ್ತಿದ್ದಳು. ಸ್ವಾತಂತ್ರ್ಯ ಬರುವ ಮೊದಲಿನ ಮಾತು. ಹೆಸರು ನಾನು ಕೇಳಲೇ ಇಲ್ಲ. ಓಣಿಗೆಲ್ಲ ಅವಳು ಎರಿಯಾಕಿ. ಬಳೆ ತೆಗೆದಿಟ್ಟು, ಕಾಲು ಚಾಚಿ ಕುಳಿತು, ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುವಳು. ಅದು ಚೀರಿದರೆ, "ಕೂಸು ಸುಳ್ಳ ಅಳೂದಿಲ್ರಿ," ಎನ್ನುವಳು. ದಿನಾ ಅದೇ ಮಾತು.

ನನಗೆ ತವರಿರಲಿಲ್ಲ, ಚೊಚ್ಚಲ ಬಾಣಂತನ ಅತ್ತೆಯ ಕೈಯಲ್ಲೇ ಆಯಿತು. ಬಾಣಂತಿ ನೀರು ಕುಡಿದರೆ ಕೂಸಿಗೆ ಶೀತವಾಗುತ್ತದೆಂದು ಅವರು ಊಟದ ಹೊತ್ತಿಗೆ ಎರಡೇ ಗುಟುಕು ಕೊಡುತ್ತಿದ್ದರು. ನನ್ನ ಹಾಲು ಕಡಿಮೆಯಾಯಿತು. ಕೂಸು ಅತ್ತೇ ಅತ್ತಿತು. ಎರಿಯಾಕಿ ಅದರ ನಾಲಿಗೆ ನೋಡಿದಳು, ಆಮೇಲೆ ಒಡೆದ ನನ್ನ ತುಟಿ ನೋಡಿದಳು.

"ಅವ್ವಾರ, ಕೂಸಿನ ಮಾರಿ ತೊಳ್ಯಾಕ ಕುದಿಸಿ ಆರಿಸಿದ ನೀರು ಒಂದು ತಂಬಗಿ ಕೊಡ್ರಿ."

"ಅಂಗೈ ಅಗಲದ ಮಾರಿಗೆ ತಂಬಗಿ ನೀರ?" ಎಂದರು ಅತ್ತೆ, ಕೂಸಿನ ಮುಖ ನೋಡಿ.

"ಬೇಕಾಗ್ತದ್ರಿ."

ಎರಿಯಾಕಿ ಬಚ್ಚಲ ಬಾಗಿಲು ಮುಂದಕ್ಕೆಳೆದು, ತಂಬಿಗೆಯನ್ನು ನನ್ನ ಬಾಯಿಗೆ ಹಿಡಿದಳು. ಅಂದಿನಿಂದ ದಿನಾಲೂ ಹೀಗೇ ನಡೆಯಿತು. ಹಾಲು ಬಂತು, ಕೂಸು ಮೈ ತುಂಬಿಕೊಂಡಿತು.

ಮೂರು ತಿಂಗಳು ತುಂಬಿ, ಕುಬಸದ ಖಣ ಕೊಟ್ಟು ಆಕೆಯನ್ನು ಕಳಿಸುವ ದಿನ, ಕೇಳುವ ಮೊದಲೇ ಅತ್ತೆ ತಂಬಿಗೆ ತಂದು ಬಚ್ಚಲಲ್ಲಿಟ್ಟರು.

"ಇದನ್ನ ಅಕಿಗಿ ಕುಡಸು," ಎಂದರು ಎರಿಯಾಕಿಗೆ, ನನ್ನತ್ತ ಕೈ ತೋರಿಸಿ.

ನಾವಿಬ್ಬರೂ ತಲೆ ತಗ್ಗಿಸಿದೆವು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ನನ್ನ ಬಾಣಂತನದಾಗ ನಿನ್ನಂಥಾಕಿ ಬರಲಿಲ್ಲ."