ಬಿಜಲಿ ನೀರ ಕುಡದ ಬಾನಿ

ನಮ್ಮ ಎಮ್ಮಿ ನೀರ ಕುಡಿಯೂದನ್ನ ನೀವು ಒಮ್ಮೆ ನೋಡಬೇಕ್ರಿ. ಮನಿ ಮುಂದಿನ ಕಲ್ಲಬಾನಿ ಹತ್ರ ಗಂಭೀರ ನಡಿಗಿಲೆ ಬಂದು, ಮೊದಲ ಮೂಸತೈತಿ, ಆಮ್ಯಾಲ ಉಸ್ ಅಂತ ಊದಿ ಮ್ಯಾಲಿನ ಕಸಾ ಅತ್ತಾಗ ಸರಸತೈತಿ, ಆಮ್ಯಾಲ ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಆಕಿ ಮಾರಿ ಒಮ್ಮೆ ನೋಡಿ, ಸಾವಕಾಶ ಬಾಯಿ ಹಚ್ಚತೈತಿ. ಇಷ್ಟು ಕೂಲಂಕಷ ಪರೀಕ್ಷೆ ನಮ್ಮ ಉತ್ತರಪತ್ರಿಕೆಗೂ ಯಾರೂ ಮಾಡೂದಿಲ್ಲ. ನಾನಂತೂ ಹತ್ತನೇತ್ತಾ ತನಕಾ ಅಚ್ಚಾದದ್ದನ್ನೆಲ್ಲಾ ಗಟಗಟ ಕುಡದಾವ. ಅದಕ್ಕಿಂತ ಹೆಚ್ಚಿನ ಮಾತಂದ್ರ, ಇಡೀ ಊರಿಗೆ ಕುಡಿಸಿದಾವ.

ಎಂಟನೇತ್ತಾ ಇದ್ದಾಗ ಸಾಲ್ಯಾಗ ಗೋಡೆಪತ್ರಿಕೆ ಸುರು ಆತು. ನಿಮ್ಮ ನಿಮ್ಮ ಊರಿನ ಇತಿಹಾಸ ಬರದು ತರ್ರಿ ಅಂದ್ರು ಹೆಡ್‌ಮಾಸ್ತರು. ಕಿತ್ತೂರು ಇಷ್ಟು ಹತ್ರ ಇರೂದರ ತ್ರಾಸು ಏನಂದ್ರ, ಸುತ್ತಲಿನ ಒಂದೊಂದು ಊರಿಗೂ ಒಂದೊಂದು ತಂಬಿಗಿ ವೀರರಸ ಇದ್ದ ಇರತೈತಿ. ಸಂಪಗಾಂವದ ಹುಡುಗ ‘ನಮ್ಮೂರು ಮೊದಲ ತಾಲೂಕ ಇತ್ತು’ ಅನ್ನೂದನ್ನ ಬುತ್ತಿ ಬಿಚ್ಚುವಾಗೂ ಹೇಳತಿದ್ದ. ನೇಸರಗಿಯವಗ ಹಳೇ ಗುಡಿಗಳಿದ್ವು. ನಮ್ಮೂರಾಗ ಇದ್ದದ್ದು ಒಂದ ಒಂದು ಬಸ್ ಸ್ಟಾಪು, ಅಲ್ಲಿ ಬಸ್ಸು ನಿಲ್ಲತಿರಲಿಲ್ಲ.

ಹಿಂಗಾಗಿ ಕಟ್ಟಿಮ್ಯಾಲ ಕುಂತು, ಎದುರಿಗಿದ್ದ ಬಾನಿ ನೋಡಿಕೋತ, ಕಿತ್ತೂರಿನ ಸೈನ್ಯದ ಬಿಳೀ ಕುದರಿ ಇದರಾಗ ನೀರ ಕುಡೀತು, ಅಂಚಿಗೆ ಇರೂ ಸೀಳು ಅದರ ಗೊರಸಿಂದು ಅಂತ ಬರದೆ. ಖರೆ ಅಂದ್ರ ನಮ್ಮ ಅಜ್ಜ ಚಕ್ಕಡಿಯಿಂದ ಇಳಸುವಾಗ ಕೈ ಜಾರಿ ಕೆಡವಿದ್ದ. ಕುದರಿಗೆ ಹೆಸರು ಬೇಕಾತು, ಅಷ್ಟರಾಗ ಕರೆಂಟ ಹೋತು, ‘ಬಿಜಲಿ’ ಅಂತ ಇಟ್ಟೆ. ತಲಿಮ್ಯಾಲ ‘ಬಲ್ಲವರ ಪ್ರಕಾರ’ ಅಂತ ಒಂದು ಪೇಟಾನೂ ಸುತ್ತಿದೆ. ಬಲ್ಲವರು ಅಂದ್ರ ನಾನು, ವಯಸ್ಸು ಹದಿಮೂರು. ಮೊದಲನೇ ಬಹುಮಾನ, ಒಂದು ಸ್ಟೀಲ್ ತಾಟು ಬಂತು.

ಎರಡು ವರ್ಷಕ್ಕ ಸಾಲಿಯ ಸ್ಮರಣ ಸಂಚಿಕೆ ಹೊರಬಿತ್ತು. ಅದರಾಗ ಸಾಲಿ ಇದ್ದ ಊರಿನ ರಿಟೈರ್ಡ್ ತಲಾಟಿ, ಅಂದ್ರ ಊರ ಲೆಕ್ಕಾ ಬರಿಯಾವರು, ಒಬ್ಬರು ನನ್ನ ಕುದರಿಯನ್ನ ಇಳಿಸಿಕೊಂಡು, ಚಲೋತಂಗ ಮೇಯಿಸಿ ಬೆಳಸಿದ್ರು. ಬಿಳೀ ಕುದರಿ ಶ್ವೇತಾಶ್ವ ಆಗಿತ್ತು, ಒಂದು ಇದ್ದದ್ದು ನಲವತ್ತಾಗಿದ್ದವು, ಬಿಜಲಿ ನೀರ ಕುಡದು ಕಿತ್ತೂರಿನ ದಿಕ್ಕಿಗೆ ನೋಡಿ ಕಣ್ಣೀರನ್ನೂ ಹಾಕಿತ್ತು. ಮರ್ಯಾದಿ ಬಿಟ್ಟು ಹೇಳತೇನಿ, ಓದಿ ನನಗ ಮೈ ಜುಮ್ಮಂತು. ಇಷ್ಟು ದೊಡ್ಡವರು ಬರದಾರಂದ್ರ ಏನಾರ ಇದ್ದೀತು ಅಂತ ಅಂಚಿನ ಸೀಳನ್ನ ಹೋಗಿ ಮುಟ್ಟಿ ಬಂದೆ.

ಊರ ಹೆಣ್ಣಮಕ್ಕಳು ಬಾನಿಗೆ ಕುಂಕುಮಾ ಹಚ್ಚಾಕತ್ತಿದ್ರು, ಎಮ್ಮಿ ನೆಕ್ಕಾಕತ್ತಿತ್ತು. ಅಲ್ಲೀತನಾ ನಡೀತು. ಆದ್ರ ಒಂದು ಆಯ್ತವಾರ ಹೆಡ್‌ಮಾಸ್ತರು, ತಲಾಟಿ, ಸಾಲಿ ಊರಿನ ನಾಕು ಮಂದಿ ಹಿರ್ಯಾರು ಟ್ರ್ಯಾಕ್ಟರ್ ಸಮೇತ ಬಂದು, ಬಾನಿಯನ್ನ ಸಾಲಿ ಅಂಗಳಕ್ಕ ಒಯ್ದು ಸುತ್ತಲ ಕಬ್ಬಿಣದ ಬೇಲಿ ಹಾಕತೇವಿ ಅಂದ್ರು. ನಮ್ಮ ಎಮ್ಮಿ ಬಕೀಟನ್ಯಾಗಿನ ನೀರಿಗೆ ಮೂಗೂ ಹಚ್ಚೂದಿಲ್ಲ. ನೀರ ಕುಡೀಲಿಲ್ಲಂದ್ರ ಹಿಂಡಾಕ ಕೊಡೂದಿಲ್ಲ, ಹಾಲಿಲ್ಲಂದ್ರ ಚಹಾ ಇಲ್ಲ, ಚಹಾ ಇಲ್ಲದ ಆಯಿ ಮುಂದ ನಿಂದರೂ ಧೈರ್ಯ ಆ ನಲವತ್ತು ಕುದರಿಗೂ ಇರಲಿಲ್ಲ. ಆಯಿ ನನ್ನ ಕಡೆ ನೋಡಿ, “ಕುದರಿ ಕಟ್ಟಿದಾವ ನೀನ, ಬಿಚ್ಚಾವನೂ ನೀನ” ಅಂದ್ಳು.

ನಾ ಮುಂದ ಹೋದೆ. “ಸರ್ರ, ಆ ಕುದರಿ ಸುಳ್ಳರಿ. ನಾನ ಹುಟ್ಟಿಸಿ ಬರದದ್ರಿ.”

ಸರ್ ಕೈಯಾಗಿನ ಸಂಚಿಕೆ ಎತ್ತಿ ತೋರಿಸಿದ್ರು. “ನೀ ಬರದದ್ದಾದ್ರ ಏನಾತೋ? ಈಗ ಅಚ್ಚಾಗೇತಿ.”

ನಾ ತಲಾಟಿಯವರ ಕಡೆ ಹೊಳ್ಳಿ, ನಿಮಗ ಯಾರು ಹೇಳಿದ್ರಿ ಅಂತ ಕೇಳಿದೆ. ಗೋಡೆಪತ್ರಿಕೆಯಾಗ ಓದಿದೆ ಅಂದ್ರು. ಅದನ್ನ ಬರದಾವ ಯಾರ್ರಿ ಅಂದೆ. ಅವರು ನನ್ನನ್ನ ಅಡಿಯಿಂದ ಮುಡಿತನಾ ನೋಡಿ, “ಆದ್ರೂ ತಮ್ಮಾ, ಖರೆ ಇದ್ದಂಗ ಬರದಿದ್ದಿ ಬಿಡು” ಅಂದ್ರು.

ಇವನಿಂದ ಆಗೂ ಕೆಲಸಲ್ಲ ಇದು ಅಂತ ಆಯಿ, ಬಾನಿ ಹೊಳ್ಳಿಸಿ ನೋಡ್ರಿ ಅಂದ್ಳು. ನಾಕು ಮಂದಿ ಹೆಗಲು ಕೊಟ್ಟು ಹೊಳ್ಳಿಸಿದ್ರು. ತಳದಾಗ ‘ಬಸಲಿಂಗಪ್ಪ’ ಅಂತ ಕೆತ್ತಿತ್ತು. ಬಸಲಿಂಗಪ್ಪ ನಮ್ಮ ಅಜ್ಜ, ಸತ್ತು ಮೂರು ವರ್ಷಾಗಿತ್ತು. ಮಗ್ಗಲ ಮನಿಯ ಸ್ವಂತ ತಮ್ಮ ಎಲ್ಲೆರ ಬಾನಿ ಎತಗೊಂಡು ಹೋದಾನು ಅಂತ ಕಲ್ಲು ಒಡ್ಯಾವನ ಕಡಿಂದ ಹೆಸರು ಹೊಡಿಸಿದ್ದ. ಮುಗೀತು, ಕುದರಿ ಸತ್ತಿತು ಅಂದ್ಕೊಂಡೆ. ಹೆಡ್‌ಮಾಸ್ತರು ಕುಕ್ಕರಗಾಲಿಲೆ ಕುಂತು, ಚಸ್ಮಾ ಏರಿಸಿ, ಅಕ್ಷರದ ಮ್ಯಾಲ ಬಟ್ಟು ಆಡಿಸಿ, ಕಡೀಕ ಎದಿಮ್ಯಾಲ ಕೈ ಇಟ್ಟುಕೊಂಡ್ರು. “ಅಂದ್ರ, ಆ ಕುದರಿ ಕಾದಾವರು ನಿಮ್ಮ ಮನಿತನದವರು.”

ಆಯಿ ಅದು ತನ್ನ ಗಂಡನ ಹೆಸರು ಅಂತ ಹೇಳಾಕ ಬಾಯಿ ತಗದಾಕಿ, ಹಂಗ ಮುಚ್ಚಿದ್ಳು. ಸೆರಗು ಸರಿ ಮಾಡಿಕೊಂಡು ಕೇಳಿದ್ಳು: “ಹಂಗಾದ್ರ ಬಾನಿ ಎಲ್ಲಿರಬೇಕ್ರಿ ಸರ್ರ?”

“ಇಲ್ಲೇ ಇರಬೇಕವ್ವಾ. ವಂಶದವರ ಅಂಗಳ ಬಿಟ್ಟು ಅಲುಗಬಾರದು.”

ಟ್ರ್ಯಾಕ್ಟರ್ ಖಾಲಿ ಹೋತು. ನಾನೂ ಮತ್ತ ಖರೆ ಹೇಳಾಕ ಹೋಗಲಿಲ್ಲ, ನನಗೂ ಚಹಾ ಬೇಕಿತ್ತು. ಆದ್ರ ಅವತ್ತಿನಿಂದ ಎಲ್ಲೆರ ‘ಬಲ್ಲವರ ಪ್ರಕಾರ’ ಅಂತ ಕಂಡ್ರ ಸಾಕು, ಕರೆಂಟ ಹೋದ ಮನಿ ಕಟ್ಟಿಮ್ಯಾಲ ಪೆನ್ನು ಕಚ್ಚಿಕೋತ ಕುಂತ ಒಬ್ಬ ಹದಿಮೂರರ ಪೋರ ಕಣ್ಣ ಮುಂದ ಬರತಾನ. ಯಾರು ಹೇಳಿದ್ರು, ಅವರಿಗೆ ಯಾರು ಹೇಳಿದ್ರು ಅಂತ ಹಿಂದಹಿಂದಕ್ಕ ನಡಕೋತ ಹೋಗತೇನಿ. ತಳಾನೂ ಹೊಳ್ಳಿಸಿ ನೋಡತೇನಿ, ತಳಾ ನೋಡಿದವರನ್ನೂ ಅಷ್ಟು ನಂಬೂದಿಲ್ಲ.

ಆ ಆಯ್ತವಾರ ಸಂಜಿಕ ಬಾನಿ ತುಂಬಿಸಿದೆ. ಹೆಡ್‌ಮಾಸ್ತರು ಭಕ್ತಿಲೆ ಇಟ್ಟು ಹೋಗಿದ್ದ ದಾಸಾಳ ಹೂವು ತೇಲಾಕತ್ತಿತ್ತು. ಎಮ್ಮಿ ಬಂತು, ಮೂಸಿತು, ಉಸ್ ಅಂತ ಊದಿ ಹೂವನ್ನ ಅತ್ತಾಗ ಸರಿಸಿತು. ಆದ್ರ ಅವತ್ತ ಆಯಿ ಮಾರಿ ನೋಡಲಿಲ್ಲ. ನನ್ನ ಮಾರಿ ನೋಡಿತು, ನೋಡಿ, ನೀರನ್ನ ಇನ್ನೊಮ್ಮೆ ಮೂಸಿತು.